ಇಕ್ಕಳಕ್ಕೆ ತಾಗಿದ ಚಕ್ರ

ನವೆಂಬರಿನ ಮಾರ್ತಿನ್ ಹಬ್ಬದ ಊಟದ ಹೆಬ್ಬಾತು ಇನ್ನೂ ಅರ್ಧ ತಟ್ಟೆಯಲ್ಲೇ ಇತ್ತು. ಅಷ್ಟರಲ್ಲಿ ಜೇನುಮನೆ ಕಡೆಯಿಂದ ಮರ್ಯೆತಾಳ ಕೂಗು ಕೇಳಿಸಿತು.

"ದೆವ್ವ ಇಲ್ಲ! ಅಯ್ಯೋ, ನಮ್ಮ ದೆವ್ವ ಹೋಗಿಬಿಟ್ಟಿದೆ!"

ಮುದುಕಿಗೆ ಹೊಸ ದ್ರಾಕ್ಷಾರಸ ಒಂದು ಲೋಟ ಹೆಚ್ಚಾಗಿರಬೇಕು ಎಂದುಕೊಂಡರು ಎಲ್ಲರೂ. ಓಡಿ ಹೋಗಿ ನೋಡಿದರೆ ಮಾತು ನಿಜ.

ಮರ್ಯೆತಾ ಎಂದರೆ ಪೊದ್‌ಸ್ತೆನಾ ಎಂಬ ಗುಡ್ಡದ ಮೇಲಿನ ಊರಿನ ಜೇನುಗಾರರ ಸಂಘದ ಅಧ್ಯಕ್ಷೆ. ವಯಸ್ಸು ಎಪ್ಪತ್ತೈದು, ಗಂಟಲು ಇಪ್ಪತ್ತೈದರದು. ಸಂಘದ ಜೇನುಮನೆಯ ಗೋಡೆಯ ಮೇಲೆ ಹಳೆಯ ಜೇನುಪೆಟ್ಟಿಗೆಗಳ ಮುಂಭಾಗದ, ಚಿತ್ರ ಬರೆದ ಹಲಗೆಗಳು ಹನ್ನೆರಡು ಇದ್ದವು. ಒಂದೊಂದೂ ಒಂದೂವರೆ ಗೇಣು ಉದ್ದ. ಅದರಲ್ಲಿ ಪ್ರಸಿದ್ಧವಾದದ್ದು ದೆವ್ವದ ಹಲಗೆ. ದೆವ್ವವೊಂದು ಸಾಣೆಕಲ್ಲು ತಿರುಗಿಸುತ್ತಾ ಹೆಂಗಸೊಬ್ಬಳ ನಾಲಿಗೆಯನ್ನು ಹರಿತ ಮಾಡುತ್ತಿರುವ ಚಿತ್ರ. ನೂರ ಎಂಬತ್ತು ವರ್ಷ ಹಳೆಯದು. ಆ ಜಾಗದಲ್ಲಿ ಈಗ ಎರಡು ಮೊಳೆ ಮಾತ್ರ ಉಳಿದಿದ್ದವು.

ಇನ್ಸ್‌ಪೆಕ್ಟರ್ ಬ್ರೆದಾ ಉರ್ಬಾಸ್ ಕೆಳಗಿನ ಪೇಟೆಯಿಂದ ಬರುವ ಹೊತ್ತಿಗೆ ನಾಲ್ಕು ಗಂಟೆ. ಅವಳೂ ತಟ್ಟೆ ಬಿಟ್ಟು ಎದ್ದು ಬಂದವಳೇ. ಜೊತೆಗೆ ಠಾಣೆಯ ಕಮಾಂಡರ್ ಗಾಶ್ಪರ್. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ರಾಜಧಾನಿಯಿಂದ ಹೊಸದಾಗಿ ಬಂದವನು, ಬೂಟು ಒದ್ದೆಯಾದದ್ದಕ್ಕೆ ಸಿಡಿಮಿಡಿ ಅನ್ನುತ್ತಿದ್ದ.

"ಬೀಗ ಒಡೆದಿಲ್ಲ," ಎಂದ ಗಾಶ್ಪರ್. "ಕೀಲಿ ಯಾರ ಹತ್ತಿರ ಇರುತ್ತೆ?"

"ಒಂದು ಫೆರ್ದೊ ಹತ್ತಿರ. ಇನ್ನೊಂದು ಮೂರನೇ ಪೆಟ್ಟಿಗೆ ಹಿಂದಿನ ಮೊಳೇಲಿ," ಎಂದಳು ಮರ್ಯೆತಾ.

"ಆ ಮೊಳೆ ವಿಷಯ ಯಾರ‍್ಯಾರಿಗೆ ಗೊತ್ತು?"

"ಜೇನುಹುಳಕ್ಕೂ ಗೊತ್ತು."

ಬ್ರೆದಾ ನಗು ತಡೆದುಕೊಂಡಳು. ಹನ್ನೆರಡಕ್ಕೆ ಹಲಗೆ ಇತ್ತು. ಮೂರಕ್ಕೆ ಇಲ್ಲ. ಆ ಮೂರು ಗಂಟೆ ಇಡೀ ಊರು ಒಂದೇ ಹಜಾರದಲ್ಲಿ ಊಟಕ್ಕೆ ಕೂತಿತ್ತು. ಹೊರಗೆ ಬೆಳಗಿನಿಂದ ಹಿಮ ಬೀಳುತ್ತಲೇ ಇತ್ತು. ಊರಿಗೆ ಇರುವುದು ಒಂದೇ ರಸ್ತೆ, ಅದಕ್ಕೆ ಇಪ್ಪತ್ತೇಳು ತಿರುವು. ಆ ರಸ್ತೆಯಲ್ಲಿ ಆ ಹೊತ್ತಿನಲ್ಲಿ ಓಡಾಡಿದ್ದು ಹಿಮ ತಳ್ಳುವ ಲಾರಿ ಒಂದೇ. ಲಾರಿ ಓಡಿಸಿದವನು ಫೆರ್ದೊ ಕ್ರವಾನ್ಯಾ.

ಫೆರ್ದೊ ಅಲ್ಲೇ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅರವತ್ತು ದಾಟಿದ ದೊಡ್ಡ ಆಳು. ನಲವತ್ತು ವರ್ಷದಿಂದ ಜೇನುಮನೆಯ ಕಸ ಗುಡಿಸಿದವನು, ಹಲಗೆ ಒರೆಸಿದವನು. ಆ ದೆವ್ವವನ್ನು ಬರೆದವನು ಅವನ ವಂಶದ ಹಿರಿಯ. "ನ್ಯಾಯವಾಗಿ ಅದು ನಮ್ಮ ಮನೆಯಲ್ಲಿರಬೇಕು" ಎಂದು ಕುಡಿದಾಗಲೆಲ್ಲ ಹೇಳುತ್ತಿದ್ದವನು. ಆ ಮಾತು ಈಗ ಎಲ್ಲರಿಗೂ ನೆನಪಾಗಿತ್ತು.

"ಮಗಾ ಬ್ರೆದಾ, ಒಂದು ಮಾತು," ಎಂದ ಫೆರ್ದೊ. "ಒಂದೂವರೆಗೆ ನಾನು ಮೇಲೆ ಗುಡಿ ಹತ್ರ ಲಾರಿ ನಿಲ್ಸಿ ರೊಟ್ಟಿ ತಿಂತಿದ್ದೆ. ಕೆಳಗಿನ ತಿರುವಲ್ಲಿ ಒಂದು ಕಾರು ಇಳಿದು ಹೋಯ್ತು. ಕಣ್ಣಿಗೆ ಕಾಣ್ಲಿಲ್ಲ, ಕಿವಿಗೆ ಕೇಳಿಸ್ತು. ಹಲ್ಲುನೋವು ಬಂದ ಕರಡಿ ಗುರುಗುಟ್ಟಿದ ಹಾಗೆ."

"ಯಾರ ಕಾರು?"

"ಈ ಕಣಿವೇಲಿ ಹಾಗೆ ಗುರುಗುಟ್ಟೋದು ಒಂದೇ. ಡಾಕ್ಟರ್ ಎವ್ಗೆನ್‌ದು."

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ!" ಎಂದಳು ಮರ್ಯೆತಾ. "ಡಾಕ್ಟ್ರು ಹನ್ನೊಂದಕ್ಕೇ ಫೋನ್ ಮಾಡಿದ್ರು. ಹಿಮದಲ್ಲಿ ಜಾರದಿರೋ ಚಳಿಗಾಲದ ಚಕ್ರ ಬ್ರೇಕಿಗೆ ಕೂರ‍್ಲಿಲ್ಲ, ಕಾರಿನ್ನೂ ಬೇಸಿಗೆ ಟೈರಲ್ಲೇ ಇದೆ, ಬರೋಕಾಗಲ್ಲ, ನನ್ನ ಪಾಲಿನ ಹೆಬ್ಬಾತಿನ ಕಾಲು ನೀವೇ ತಿನ್ನಿ ಅಂದ್ರು. ತಿಂದೆ ಕೂಡ."

"ಬೇಸಿಗೆ ಟೈರಲ್ಲಿ ಈ ರಸ್ತೆ ಹತ್ತೋಕಾಗುತ್ತಾ?" ಗಾಶ್ಪರ್ ಕೇಳಿದ.

"ಎರಡನೇ ತಿರುವಲ್ಲೇ ನದೀಲಿ ಬಿದ್ದಿರ‍್ತಾರೆ," ಎಂದರು ನಾಲ್ಕು ಜನ ಒಟ್ಟಿಗೆ.

ಹಾಗಾದರೆ ಬೇರೆ ಕಾರಿನ ಗುರುತು? ಎರಡು ಗಂಟೆಗೆ ಫೆರ್ದೊನೇ ಇನ್ನೊಂದು ಸಲ ಹಿಮ ತಳ್ಳಿದ್ದ. ಗುರುತೆಲ್ಲ ಬದಿಯ ಗುಡ್ಡೆಯೊಳಗೆ ಸೇರಿತ್ತು. ಪಾಪ, ತನ್ನ ಸಾಕ್ಷಿಯನ್ನು ತಾನೇ ಗುಡಿಸಿ ಹಾಕಿದ್ದ.

"ನಾಳೆ ಐದು ಗಂಟೆಗೆ ಸಂಘದ ಸಭೆ," ಎಂದಳು ಮರ್ಯೆತಾ. ಈಗ ಅವಳ ದನಿ ತಗ್ಗಿತ್ತು. "ಕೀಲಿ ವಾಪಸ್ ಕೊಡ್ಬೇಕು ಫೆರ್ದೊ. ನಾನಲ್ಲ ಕೇಳ್ತಿರೋದು. ಎಲ್ರೂ ಕೇಳ್ತಿದಾರೆ."

ಫೆರ್ದೊ ಬ್ರೆದಾಳ ಹಿಂದೆಯೇ ಅವಳ ಕಾರಿನವರೆಗೆ ಬಂದ.

"ಕೆಲ್ಸ ಹೋದ್ರೆ ಹೋಗ್ಲಿ ಮಗಾ. ಕಳ್ಳ ಅನ್ನಿಸ್ಕೊಂಡು ಈ ಬೀದೀಲಿ ಹೇಗೆ ನಡೀಲಿ? ಒಂದು ದಿನವಾದ್ರೂ ಹೇಗೆ ನಡೀಲಿ?"

ಬ್ರೆದಾ ಅವನ ಹೆಗಲ ಮೇಲಿನ ಹಿಮ ಕೊಡವಿ ಕಾರು ಹತ್ತಿದಳು.

* * *

ಸೋಮವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಗಾಶ್ಪರ್ ಮೀಸೆ ತಿರುವುತ್ತಾ ಬಂದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದರೂ ತಿರುವಿದ.

"ಸಿಕ್ತು, ಬ್ರೆದಾ ಅವರೇ. ಲಾರಿಯ ಸೀಟಿನ ಕೆಳಗೆ."

ಮೇಜಿನ ಮೇಲೆ ಗೋಣಿಬಟ್ಟೆ ಬಿಚ್ಚಿದ. ಒಳಗೆ ಹಲಗೆ. ಹಲಗೆಯ ಮೇಲೆ ದೆವ್ವ, ಸಾಣೆಕಲ್ಲು, ಹೆಂಗಸಿನ ಉದ್ದ ನಾಲಿಗೆ.

ಬ್ರೆದಾ ಕುರ್ಚಿ ಎಳೆದುಕೊಂಡು ಕೂತಳು. ಚಿಕ್ಕವಳಿದ್ದಾಗ ಇದೇ ಫೆರ್ದೊ ಅವಳಿಗೆ ಜೇನುತಟ್ಟಿಯ ಚೂರು ಕೊಟ್ಟು ಕಳಿಸುತ್ತಿದ್ದ. ಅವನೇನಾ? ಅರ್ಧ ಗಂಟೆ ಅವಳು ಹಾಗೇ ಕೂತಿದ್ದಳು. ಹೌದು, ಅವನೇ ಇರಬಹುದು ಎಂದು ಮನಸ್ಸು ಒಪ್ಪಿಯೂ ಬಿಟ್ಟಿತು. ಮುದಿ ವಯಸ್ಸಿನ ಹಠ, ಮನೆತನದ ಹೆಮ್ಮೆ, ಒಂದು ಲೋಟ ದ್ರಾಕ್ಷಾರಸ. ಇನ್ನೇನು ಬೇಕು?

ಆಮೇಲೆ ಹಲಗೆಯನ್ನು ಎತ್ತಲು ಹೋದಳು. ಹೆಬ್ಬೆರಳು ಅಂಟಿತು.

ಮೂಸಿ ನೋಡಿದಳು. ಬಣ್ಣ ಕಲಸುವ ಅಗಸೆ ಎಣ್ಣೆ. ಹೆಬ್ಬೆರಳು ಕೆಂಪಗಾಗಿತ್ತು.

"ಕಮಾಂಡರೇ, ನೂರ ಎಂಬತ್ತು ವರ್ಷ ಆದ್ರೂ ಒಣಗದ ಬಣ್ಣ ಎಲ್ಲಿ ಸಿಗುತ್ತೆ?"

ಗಾಶ್ಪರ್ ತಾನೂ ಮುಟ್ಟಿ ನೋಡಿದ. ಅವನ ಬೆರಳೂ ಕೆಂಪಾಯಿತು. ಫೋನಿನಲ್ಲಿ ಕೇಳಿದಾಗ ಫೆರ್ದೊ ತೊದಲಿದ. ಮೊಮ್ಮಗಳ ಮದುವೆಗೆ ಉಡುಗೊರೆ ಕೊಡಲು ಅವನೇ ನಕಲು ಬರೆಯುತ್ತಿದ್ದನಂತೆ. ಯಾರಾದರೂ ನಕ್ಕಾರು ಎಂದು ಬಚ್ಚಿಟ್ಟಿದ್ದನಂತೆ.

"ಆದ್ರೂ ಅಸಲಿ ಹಲಗೆ ಸಿಕ್ಕಿಲ್ವಲ್ಲ," ಎಂದ ಗಾಶ್ಪರ್, ಬೆರಳು ಒರೆಸಿಕೊಳ್ಳುತ್ತಾ. "ಐದು ಗಂಟೆವರೆಗೆ ನಿಮಗೆ ಸಮಯ. ಬೇರೆ ಹೆಸರು ತಂದ್ರೆ ಸರಿ. ಇಲ್ಲಾಂದ್ರೆ ನಾನು ಅವನ ಹೆಸರೇ ಬರೀತೀನಿ."

ಬ್ರೆದಾಳ ಹತ್ತಿರ ಇದ್ದದ್ದು ಒಂದೇ ಹೆಸರು, ಒಂದು ಕರಡಿಯ ಸದ್ದು. ಎಲ್ಲರೂ ನಕ್ಕ ಸದ್ದು. ಅವಳು ಕಾರಿನ ಕೀಲಿ ತೆಗೆದುಕೊಂಡಳು.

* * *

ಸ್ತೋಯಾನ್ ಲೆಬಾನ್‌ನ ಟೈರ್ ಅಂಗಡಿಯ ಮುಂದೆ ಹನ್ನೊಂದು ಕಾರು ಸಾಲುಗಟ್ಟಿದ್ದವು. ನವೆಂಬರ್ ಹದಿನೈದರ ಒಳಗೆ ಚಳಿಗಾಲದ ಟೈರ್ ಹಾಕಿಸಿಕೊಳ್ಳಬೇಕು, ಅದು ಕಾನೂನು. ಮಾರ್ತಿನ್ ಹಬ್ಬ ಮುಗಿಯುವವರೆಗೆ ಯಾರೂ ಅಂಗಡಿ ಕಡೆ ತಲೆ ಹಾಕುವುದಿಲ್ಲ, ಅದು ಸಂಪ್ರದಾಯ.

"ಅಕ್ಕಾ, ಸಾಲಲ್ಲಿ ಬಾ," ಎಂದ ಸ್ತೋಯಾನ್ ತಲೆ ಎತ್ತದೆ.

"ಟೈರ್ ಹಾಕ್ಸೋಕೆ ಬಂದಿಲ್ಲ ಮಾರಾಯಾ. ಡಾಕ್ಟರ್ ಎವ್ಗೆನ್ ಚಕ್ರದ ಕತೆ ಹೇಳು."

ಸ್ತೋಯಾನ್ ತಕ್ಷಣ ಸ್ಪ್ಯಾನರ್ ಕೆಳಗಿಟ್ಟ. ಕತೆ ಹೇಳೋದು ಅಂದರೆ ಅವನಿಗೆ ಕೆಲಸಕ್ಕಿಂತ ಇಷ್ಟ.

"ಶುಕ್ರವಾರ ಬಂದ್ರು. ಆ ಹಸಿರು ಎರಡು ಸೀಟಿನ ಕಾರು ಇದೆಯಲ್ಲ, ಗುಡ್ಡ ಹತ್ತೋ ರೇಸಿಗೆ ಅಂತ ಎರಡು ವರ್ಷದ ಹಿಂದೆ ಮುಂದಿನ ಬ್ರೇಕ್ ದೊಡ್ಡದು ಹಾಕ್ಸಿದ್ರು. ಚಕ್ರದ ಜೊತೆ ತಿರುಗೋ ತಟ್ಟೆ ದೊಡ್ಡದು, ಅದನ್ನ ಹಿಡಿಯೋ ಇಕ್ಕಳವೂ ದೊಡ್ಡದು. ಕೆಂಪು ಬಣ್ಣದ್ದು, ನನ್ನ ಮುಷ್ಟಿಗಿಂತ ದಪ್ಪ. ಹಲ್ಲಿನ ಡಾಕ್ಟ್ರಲ್ವಾ, ಇಕ್ಕಳ ಅಂದ್ರೆ ಪ್ರಾಣ."

"ಆಮೇಲೆ?"

"ಚಳಿಗಾಲಕ್ಕೆ ಅಂತ ಹೊರಗಿನ ಕಂಪನಿಯ ಚಕ್ರ ತರಿಸ್ಕೊಂಡಿದ್ರು. ಟೈರ್ ಸಮೇತ, ಹೊಚ್ಚಹೊಸದು. ನನ್ನ ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ." ಸ್ತೋಯಾನ್ ಕೈಯನ್ನು ಮುಷ್ಟಿ ಮಾಡಿ ತೋರಿಸಿದ. "ಇದು ಇಕ್ಕಳ ಅಂದ್ಕೋ. ಇದರ ಮೇಲೆ ಬೂದು ಜೇಡಿಯ ಉಂಡೆ ಅಂಟಿಸ್ತೀನಿ. ಚಕ್ರ ಕೂರಿಸಿ ಒಂದು ಸುತ್ತು ತಿರುಗಿಸ್ತೀನಿ. ಬಿಚ್ಚಿ ನೋಡ್ತೀನಿ. ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಇದೆ ಅಂತ ಅರ್ಥ. ಸುತ್ತಲೂ ಜಾಗ ಇತ್ತು. ಆದ್ರೆ ಮುಂಭಾಗದಲ್ಲಿ ಜೇಡಿ ಪೂರಾ ಹಿಸುಕಿ ಹೋಗಿತ್ತು. ಚಕ್ರದ ಕಡ್ಡಿ ಇಕ್ಕಳದ ಮುಖಕ್ಕೇ ತಾಗುತ್ತೆ. ಹಿಂದಿನ ಬ್ರೇಕ್ ಚಿಕ್ಕದು, ಅಲ್ಲಿ ತೊಂದರೆ ಇಲ್ಲ. ಮುಂದೆ ಎರಡು ಮಿಲಿಮೀಟರ್ ಸಾಲ್ದು."

"ಎರಡೇ?"

"ಎರಡೇ. ಹಲ್ಲಲ್ಲಿ ಸಿಕ್ಕಿದ ಆಕ್ರೋಟಿನ ಚೂರಿಗೆ ಎಷ್ಟು ಜಾಗ ಬೇಕು ಹೇಳು?"

"ಎಷ್ಟು ಚಕ್ರ ಬಿಚ್ಚಿದೆ?"

"ಒಂದೇ. ಎಡಗಡೆ ಮುಂದಿಂದು. ಕೂರ‍್ಲಿಲ್ಲ, ಹಳೇದನ್ನೇ ವಾಪಸ್ ಹಾಕ್ದೆ. ಹೊಸ ಚಕ್ರಗಳನ್ನ ರಟ್ಟಿನ ಡಬ್ಬಕ್ಕೆ ತುಂಬಿ ಅವರ ಮನೆಗೇ ಕಳಿಸ್ದೆ. ಹರಟೆಗೆ ಕೂತಿದ್ದೋರೆಲ್ಲ ನೋಡಿದಾರೆ."

"ಅಂದ್ರೆ ಆ ಚಕ್ರ ಆ ಕಾರಿಗೆ ಕೂರೋದೇ ಇಲ್ಲ?"

"ನನ್ನ ಅಂಗಡೀಲಿ ಕೂರಲ್ಲ," ಎಂದ ಸ್ತೋಯಾನ್ ಖಡಾಖಂಡಿತವಾಗಿ. ಸಾಲಿನಲ್ಲಿ ಯಾರೋ ಹಾರನ್ ಬಾರಿಸಿದರು.

ಬ್ರೆದಾ ನಿಟ್ಟುಸಿರು ಬಿಟ್ಟು ಹೊರಟಳು. ಸಾಕ್ಷಿ ಅಂಗಡಿ ತುಂಬ ಜನ, ಲೆಕ್ಕ ಎರಡು ಮಿಲಿಮೀಟರ್. ಕರಡಿ ಸುಳ್ಳು ಹೇಳಿತೋ, ಫೆರ್ದೊ ಹೇಳಿದನೋ?

* * *

ಡಾಕ್ಟರ್ ಎವ್ಗೆನ್ ರುತಾರ್ ಬಾಗಿಲು ತೆಗೆದದ್ದೇ ಅವಳ ಬಾಯಿ ನೋಡಿದರು.

"ಬಲಗಡೆ ಮೇಲಿನ ದವಡೆಹಲ್ಲು ಹೇಗಿದೆ ಬ್ರೆದಾ?"

"ಇನ್ನೂ ಇದೆ ಡಾಕ್ಟ್ರೇ."

"ನನ್ನ ಕೈಗುಣ. ಬಾ, ಕಾಫಿ ಕುಡಿ."

ಕಣಿವೆಯ ಅರ್ಧ ಹಲ್ಲು ಕಿತ್ತವರು ಅವರು, ಉಳಿದರ್ಧ ತುಂಬಿದವರು. ನಿವೃತ್ತರಾಗಿ ಮೂರು ವರ್ಷ. ಮನೆ ಎಂದರೆ ಕನ್ನಡಿ, ಒಂದು ಚಮಚ ಕೂಡ ವಾರೆ ಇರಲಿಲ್ಲ. ಗೋಡೆ ತುಂಬ ಜೇನುಪೆಟ್ಟಿಗೆಯ ಹಲಗೆಗಳು, ಎಲ್ಲ ಅಂಗಡಿಯಲ್ಲಿ ಕೊಂಡವು, ಎಲ್ಲದಕ್ಕೂ ರಸೀತಿ.

"ದೆವ್ವವನ್ನ ನನಗೆ ಕೊಡಿ ಅಂತ ಮರ್ಯೆತಾ ಹತ್ತಿರ ಮೂರು ಸಲ ಕೇಳಿದೆ," ಎಂದರು ತಾವಾಗಿಯೇ, ನಗುತ್ತಾ. "ಮೂರು ಸಲವೂ ಬೈದಳು. ಅವಳ ನಾಲಿಗೆ ಯಾವ ದೆವ್ವ ಸಾಣೆ ಹಿಡೀತೋ."

ಬ್ರೆದಾಳೂ ನಕ್ಕಳು. ಈ ಮನುಷ್ಯನ ಮೇಲೆ ಸಿಟ್ಟು ಬರುವುದೇ ಕಷ್ಟ. ಡಾಕ್ಟರ್ ಬಿಸಿ ಕಾಫಿಯ ಪಾತ್ರೆಯನ್ನು ಮೇಜಿನ ಮೇಲೆ ಒಂದು ಲೋಹದ ಬಿಲ್ಲೆಯ ಮೇಲಿಟ್ಟರು. ಒಲೆಯ ಪಕ್ಕದಲ್ಲಿ ಸೂಪಿನ ಪಾತ್ರೆಯೂ ಅಂಥದೇ ಬಿಲ್ಲೆಯ ಮೇಲೆ ಕೂತಿತ್ತು. ಬೆಳ್ಳಗೆ ಹೊಳೆಯುವ ಬಿಲ್ಲೆ. ನಡುವೆ ದೊಡ್ಡ ತೂತು, ಸುತ್ತ ಐದು ಚಿಕ್ಕ ತೂತು.

"ಚೆನ್ನಾಗಿದೆಯಲ್ಲ ಇದು."

"ತಂಗಿ ಮಗಳು ತಂದುಕೊಟ್ಟಳು. ಗಡಿಯಾಚೆಯಿಂದ. ಈಗಿನವರ ವಿನ್ಯಾಸ."

ಆಕ್ರೋಟು ತುಂಬಿದ ಸಿಹಿ ಸುರುಳಿ ರೊಟ್ಟಿ ಪೊತಿತ್ಸಾ ಎರಡು ಹೋಳು ತಿಂದ ಮೇಲೆ ಬ್ರೆದಾ ಕಾರು ನೋಡಬೇಕು ಎಂದಳು. ಡಾಕ್ಟರ್ ಹಿಂದೆ ಮುಂದೆ ನೋಡಲಿಲ್ಲ. ಗ್ಯಾರೇಜಿನ ದೀಪ ಹಾಕಿದರು. ಕಾರು ಹಸಿರಾಗಿ ಮಿನುಗುತ್ತಿತ್ತು, ಒಂದು ಹನಿ ಕೆಸರಿಲ್ಲ. ಮೂಲೆಯಲ್ಲಿ ನಾಲ್ಕು ದೊಡ್ಡ ಡಬ್ಬ, ಟೇಪು ಅಂಟಿಸಿದ್ದವು.

"ವಾಪಸ್ ಕಳಿಸೋಕಾ?"

"ಮತ್ತಿನ್ನೇನು ಮಾಡಲಿ? ಶುಕ್ರವಾರ ಸ್ತೋಯಾನ್ ಅಂಗಡಿಯಿಂದ ಬಂದು ನಿಲ್ಲಿಸಿದವನು ಕಾರನ್ನ ಮುಟ್ಟಿಲ್ಲ. ಚಕ್ರವನ್ನೂ ಮುಟ್ಟಿಲ್ಲ. ಬೇಕಾದರೆ ಬರೆದುಕೊ."

ಬ್ರೆದಾ ಬರೆದುಕೊಂಡಳು. ಪೆನ್ನು ಜೇಬಿಗೆ ಹಾಕುವಾಗ ಮುಚ್ಚಳ ಬಿದ್ದು ಉರುಳಿ ಬಲಗಡೆಯ ಹಿಂದಿನ ಚಕ್ರದ ಬಳಿ ನಿಂತಿತು. ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಸ್ವಲ್ಪ ಹೊತ್ತು ಹಾಗೇ ಇದ್ದಳು.

"ಸೊಂಟ ಹಿಡೀತಾ?" ಡಾಕ್ಟರ್ ಕೇಳಿದರು.

"ಹೌದು ಡಾಕ್ಟ್ರೇ. ವಯಸ್ಸಾಯ್ತು." ಮೇಲೆದ್ದು ಸೊಂಟ ನೀವಿಕೊಂಡಳು. "ಮೂರು ಗಂಟೆಗೆ ಕಮಾಂಡರನ್ನೂ ಸ್ತೋಯಾನ್‌ನನ್ನೂ ಕರ‍್ಕೊಂಡು ಬರ‍್ತೀನಿ. ಆ ಚಕ್ರ ಕೂರಲ್ಲ ಅಂತ ಅವರ ಕಣ್ಣಿಗೂ ತೋರಿಸಿಬಿಟ್ರೆ ನಿಮ್ಮ ಹೆಸರಿನ ಮಾತು ಮುಗೀತು. ಅಲ್ಲಿವರೆಗೆ ಕಾರು ಹೀಗೇ ಇರ‍್ಲಿ."

"ಧಾರಾಳವಾಗಿ ಬನ್ನಿ. ಪೊತಿತ್ಸಾ ಇನ್ನೂ ಇದೆ," ಎಂದರು ಡಾಕ್ಟರ್.

ಗೇಟಿನ ಎದುರಿಗೇ ಒಬ್ಬ ಪೇದೆಯನ್ನು ನಿಲ್ಲಿಸಿ ಬ್ರೆದಾ ಟೈರ್ ಅಂಗಡಿಗೆ ಹಾರಿದಳು. ಕೈ ಒರೆಸುವ ಕಾಗದದ ಮೇಲೆ ಬಿಲ್ಲೆಯ ಚಿತ್ರ ಬರೆದಳು. ದೊಡ್ಡ ತೂತು ಒಂದು, ಚಿಕ್ಕ ತೂತು ಐದು.

"ನಿನ್ನ ಅಂಗಡೀಲಿ ಕೂರಲ್ಲ ಅಂದೆಯಲ್ಲ ಸ್ತೋಯಾನ್. ಬೇರೆ ಕಡೆ ಕೂರುತ್ತಾ?"

ಸ್ತೋಯಾನ್ ಕಾಗದ ನೋಡಿದ. ಜಾಕೆಟ್ ಹಾಕಿಕೊಂಡು ಸಾಲಿನ ಕಡೆ ತಿರುಗಿ ಕೂಗಿದ.

"ಅಂಗಡಿ ಎರಡು ಗಂಟೆ ಬಂದ್!"

ಹದಿನಾಲ್ಕು ಹಾರನ್ ಒಟ್ಟಿಗೆ ಬಾರಿಸಿದವು.

* * *

ಮೂರು ಗಂಟೆಗೆ ಗ್ಯಾರೇಜಿನಲ್ಲಿ ಐದು ಜನ ನಿಂತಿದ್ದರು. ಡಾಕ್ಟರ್, ಬ್ರೆದಾ, ಗಾಶ್ಪರ್, ಸ್ತೋಯಾನ್. ಐದನೆಯವನು ಫೆರ್ದೊ. ಅವನನ್ನು ಬ್ರೆದಾ ತಾನೇ ಕರೆತಂದಿದ್ದಳು. ಅವನು ಬಾಗಿಲ ಬಳಿಯೇ ಟೋಪಿ ಹಿಡಿದು ನಿಂತ.

"ಮೊದಲು ಇದನ್ನ ನೋಡಿ," ಎಂದು ಬ್ರೆದಾ ಬಲಗಡೆಯ ಹಿಂದಿನ ಚಕ್ರದ ಬಳಿ ಕೂತಳು. "ಟೈರಿನ ನೆಲ ಮುಟ್ಟೋ ಮೈ ಮೇಲೆ ಸೀಮೆಸುಣ್ಣದಲ್ಲಿ ಏನಿದೆ?"

ಗಾಶ್ಪರ್ ಬಗ್ಗಿದ. "ಬಲ, ಹಿಂ... ಅಷ್ಟೇ. ಉಳಿದ ಅಕ್ಷರ ಟೈರಿನ ಕೆಳಗೆ ಹೋಗಿದೆ."

"ಚಳಿಗಾಲ ಬಂದಾಗ ನಾವೆಲ್ಲ ಬೇಸಿಗೆ ಚಕ್ರ ಬಿಚ್ಚಿದ ಕೂಡಲೇ ಗುರುತು ಹಾಕ್ತೀವಿ," ಎಂದಳು ಬ್ರೆದಾ. "ಎಡ ಮುಂದೆ, ಬಲ ಹಿಂದೆ. ವಸಂತಕ್ಕೆ ಅದೇ ಜಾಗಕ್ಕೆ ಹಾಕ್ಬೇಕಲ್ಲ. ನನ್ನ ಅಪ್ಪ ಹಾಕ್ತಿದ್ರು, ನಾನೂ ಹಾಕ್ತೀನಿ. ಕೈಗೆ ಅಂಟಿದ ಚಾಳಿ, ತಲೆ ಕೇಳೋದೇ ಇಲ್ಲ. ಡಾಕ್ಟ್ರಂಥ ಅಚ್ಚುಕಟ್ಟಿನ ಮನುಷ್ಯ ಬಿಡ್ತಾರಾ? ನಾಲ್ಕಕ್ಕೂ ಹಾಕಿದಾರೆ."

"ಮುಂದಿನ ಚಕ್ರಕ್ಕೆ ಸ್ತೋಯಾನ್ ಹಾಕಿರಬೇಕು," ಎಂದರು ಡಾಕ್ಟರ್ ಹಗುರಾಗಿ. "ಉಳಿದದ್ದಕ್ಕೆ ನಾನೇ ಹಾಕಿದೆ. ಬಿಚ್ಚುವಾಗ ಸುಲಭ ಆಗಲಿ ಅಂತ, ಮೊದಲೇ."

"ಕಾರು ನಿಂತಿರುವಾಗ ಟೈರಿನ ಕೆಳಗೆ, ನೆಲಕ್ಕೂ ರಬ್ಬರಿಗೂ ನಡುವೆ, ಅಕ್ಷರ ಹೇಗೆ ಬರೆದ್ರಿ?"

ಡಾಕ್ಟರ್ ಬಗ್ಗಿ ಟೈರಿನ ಬುಡ ನೋಡುತ್ತಿದ್ದಂತೆ ಬ್ರೆದಾ ಮುಂದುವರಿಸಿದಳು.

"ಈ ಚಕ್ರ ಬಿಚ್ಚಿ ಹೊರಗೆ ಇದ್ದಾಗ ಬರೆದದ್ದು ಇದು. ಆಮೇಲೆ ವಾಪಸ್ ಹಾಕಿದಾರೆ. ಆಮೇಲೆ ಕಾರು ಒಂದು ಅಡಿಯೂ ಉರುಳಿಲ್ಲ. ಉರುಳಿದ್ರೆ ಸುಣ್ಣ ಒರೆಸಿ ಹೋಗ್ತಿತ್ತು. ಸ್ತೋಯಾನ್, ನೀನು ಶುಕ್ರವಾರ ಹಿಂದಿನ ಚಕ್ರ ಬಿಚ್ಚಿದ್ಯಾ?"

"ದೇವರಾಣೆ ಇಲ್ಲ."

"ಹಾಗಾದ್ರೆ ಶುಕ್ರವಾರದ ಮೇಲೆ ಯಾರೋ ನಾಲ್ಕೂ ಬಿಚ್ಚಿ ಬೇರೆ ನಾಲ್ಕು ಹಾಕಿದಾರೆ. ಮತ್ತೆ ಅದನ್ನ ಬಿಚ್ಚಿ ಇದನ್ನೇ ಹಾಕಿದಾರೆ. ಮುಂದಿಂದು ತೆಗಿ."

ಸ್ತೋಯಾನ್ ಜಾಕ್ ಎತ್ತಿ ಎಡಗಡೆಯ ಮುಂದಿನ ಚಕ್ರ ಇಳಿಸಿದ. ಕೆಂಪು ಇಕ್ಕಳ ಕಾಣಿಸಿತು. ಅವನು ಮೂಗು ತಾಗುವಷ್ಟು ಹತ್ತಿರ ಹೋದ.

"ಇಲ್ಲಿ ಬೂದು ಚೂರಿದೆ, ಇದು ನನ್ನ ಜೇಡಿ. ಆದ್ರೆ ಇದೇನಿದು ಗುಲಾಬಿ? ಇದು ನಂದಲ್ಲ."

ಬ್ರೆದಾ ಉಗುರಿನಲ್ಲಿ ಕೆರೆದು ಮೂಸಿದಳು. ಗಾಶ್ಪರ್‌ಗೆ ಕೊಟ್ಟಳು. ಗಾಶ್ಪರ್ ಫೆರ್ದೊಗೆ ಕೊಟ್ಟ. ಫೆರ್ದೊ ಮೂಸಿದವನೇ ಕೆನ್ನೆ ಹಿಡಿದುಕೊಂಡ.

"ಲವಂಗ! ಹಲ್ಲಿನ ಅಚ್ಚು ತೆಗೆಯೋ ಮೇಣ! ನನ್ನ ಬಾಯಿಗೆ ಎಷ್ಟು ಸಲ ತುರುಕಿದಾರೆ ಇದನ್ನ!"

"ಮನೇಲಿ ಜೇಡಿ ಇರ‍್ಲಿಲ್ಲ," ಎಂದಳು ಬ್ರೆದಾ. "ಮೇಣ ಇತ್ತು. ಎರಡು ಹಲ್ಲಿನ ನಡುವೆ ಜಾಗ ಎಷ್ಟಿದೆ ಅಂತ ನಲವತ್ತು ವರ್ಷ ನೋಡಿದವರಿಗೆ ಇಕ್ಕಳಕ್ಕೂ ಕಡ್ಡಿಗೂ ನಡುವೆ ನೋಡೋದು ಯಾವ ಲೆಕ್ಕ? ಈ ಮೇಣ ಮೂರು ಮಿಲಿಮೀಟರ್ ದಪ್ಪ ಉಳಿದಿದೆ. ಅಂದ್ರೆ ಜಾಗ ಇತ್ತು. ಜಾಗ ಎಲ್ಲಿಂದ ಬಂತು ಡಾಕ್ಟ್ರೇ? ಕಾಫಿ ಪಾತ್ರೆ ಕೆಳಗಿನ ಬಿಲ್ಲೆ ತರ‍್ಲಾ?"

ಅವಳೇ ಒಳಗೆ ಹೋಗಿ ತಂದಳು. ಎರಡೂ ಬಿಲ್ಲೆ. ಸೂಪು ಇನ್ನೂ ಬಿಸಿಯಾಗಿತ್ತು. ಸ್ತೋಯಾನ್ ಒಂದನ್ನು ಚಕ್ರ ಕೂರುವ ಜಾಗಕ್ಕೆ ಹಿಡಿದ. ಐದು ತೂತಿಗೆ ಐದು ತೂತು ಸರಿಯಾಗಿ ಕೂತವು.

"ಐದು ಮಿಲಿಮೀಟರ್," ಎಂದ. "ಚಕ್ರವನ್ನ ಇಷ್ಟು ಹೊರಗೆ ತಳ್ಳುತ್ತೆ. ಎರಡು ಸಾಲ್ದಿತ್ತು, ಐದು ಕೊಟ್ರೆ ಮೂರು ಮಿಕ್ತು. ಉದ್ದನೆ ಬೋಲ್ಟೂ ಬೇಕು ಇದಕ್ಕೆ. ಕಾಗದಪತ್ರ ಇಲ್ದೆ ತಪಾಸಣೆಯವರು ಇದನ್ನ ಪಾಸ್ ಮಾಡಲ್ಲ. ಅದಕ್ಕೇ ನಾನು ಮುಟ್ಟಲ್ಲ. ನನ್ನ ಅಂಗಡೀಲಿ ಕೂರಲ್ಲ ಅಂದದ್ದು ಅದಕ್ಕೇ."

"ಆಯ್ತು, ಮನೆಯಲ್ಲಿ ಕೂರಿಸಿ ನೋಡಿದೆ," ಎಂದರು ಡಾಕ್ಟರ್. "ಕುತೂಹಲ. ಅದು ಅಪರಾಧವೇ? ಓಡಿಸಲಿಲ್ಲ."

ಸ್ತೋಯಾನ್ ಒಂದು ಡಬ್ಬದ ಟೇಪು ಹರಿದು ಚಕ್ರ ಹೊರಗೆಳೆದ. ತೊಳೆದು ಒರೆಸಿದ ಚಕ್ರ. ಟೈರಿನ ಮೇಲೆ ಅಂಗೈ ಆಡಿಸಿದ. ಮುಖ ಅರಳಿತು.

"ಹೊಸ ಟೈರಿಗೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತೆ ಕಮಾಂಡರೇ. ಶುಕ್ರವಾರ ಇದಕ್ಕೆ ಒಳ್ಳೆ ಮೀಸೆ ಇತ್ತು, ನಾನೇ ಸವರಿದೀನಿ. ಈಗ ನೋಡಿ, ನೆಲ ಮುಟ್ಟೋ ಕಡೆಯೆಲ್ಲ ಕ್ಷೌರ ಆಗಿದೆ. ಬದೀಲಿ ಮಾತ್ರ ಉಳಿದಿದೆ. ಡಬ್ಬದೊಳಗೆ ಕೂತ ಟೈರಿಗೆ ಯಾವ ಹಜಾಮ ಬಂದಿದ್ದ? ಇದು ರಸ್ತೆ ನೋಡಿದ ಟೈರು."

ಡಬ್ಬದ ತಳದಲ್ಲಿ ಹತ್ತು ಉದ್ದನೆ ಬೋಲ್ಟು ಕಾಗದದಲ್ಲಿ ಸುತ್ತಿಟ್ಟಿದ್ದವು. ಅವುಗಳ ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು. ಬ್ರೆದಾ ಬಿಚ್ಚಿದಳು. ದೆವ್ವ ಸಾಣೆಕಲ್ಲು ತಿರುಗಿಸುತ್ತಿತ್ತು. ಈ ಸಲ ಬಣ್ಣ ಬೆರಳಿಗೆ ಅಂಟಲಿಲ್ಲ.

ಡಾಕ್ಟರ್ ಡಬ್ಬದ ಮೇಲೆ ಕೂತರು.

"ಚಕ್ರ ಕೂರಲಿಲ್ಲ ಅಂತ ಇಡೀ ಪೇಟೆಗೆ ಗೊತ್ತಾಗಿಹೋಗಿತ್ತು," ಎಂದರು ಮೆಲ್ಲಗೆ. "ಶನಿವಾರ ಗಡಿಯಾಚೆ ಹೋಗಿ ಬಿಲ್ಲೆ ತಂದೆ, ಬಸ್ಸಿನಲ್ಲಿ. ಕಾರು ಓಡಿಸಬೇಕು ಅನ್ನೋದಷ್ಟೇ ಮನಸ್ಸಲ್ಲಿತ್ತು, ಪ್ರಮಾಣವಾಗಿ. ಭಾನುವಾರ ಬೆಳಿಗ್ಗೆ ಹಿಮ ಬಿತ್ತು. ನಾನು ಬರಲಾರೆ ಅಂತ ಎಲ್ಲರೂ ನಂಬಿದ್ದರು. ಊರೆಲ್ಲ ಊಟಕ್ಕೆ ಕೂತಿರುತ್ತೆ ಅನ್ನೋದೂ ಹೊಳೆಯಿತು. ಮೂವತ್ತು ವರ್ಷದಿಂದ ಆ ದೆವ್ವ ನನ್ನ ಕಣ್ಣಲ್ಲಿ ಕೂತಿತ್ತು ಬ್ರೆದಾ."

"ಅದೆಲ್ಲ ಸರಿ," ಎಂದಳು ಬ್ರೆದಾ. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಇವರ ಗತಿ ಏನಾಗುತ್ತೆ ಅಂತ ಹೊಳೀಲಿಲ್ವಾ? ಇವರ ಹಲ್ಲು ಕಿತ್ತಿರಿ, ಮರ್ಯಾದೇನೂ ಕೀಳಬೇಕಿತ್ತಾ?"

ಡಾಕ್ಟರ್ ಫೆರ್ದೊನ ಕಡೆ ನೋಡಲಾರದೆ ನೆಲ ನೋಡಿದರು.

"ಫೆರ್ದೊಗೆ ಏನೂ ಆಗಲ್ಲ ಅಂದುಕೊಂಡೆ. ಅವನನ್ನ ಎಲ್ಲರೂ ಇಷ್ಟಪಡ್ತಾರೆ."

"ನಿಮ್ಮನ್ನೂ ಇಷ್ಟಪಡ್ತಿದ್ರು ಡಾಕ್ಟ್ರೇ," ಎಂದ ಫೆರ್ದೊ.

ಗಾಶ್ಪರ್ ಡಾಕ್ಟರ ಕೋಟು ತಂದು ಅವರ ಹೆಗಲಿಗೆ ಹಾಕಿ ಹೊರಗೆ ಕರೆದೊಯ್ದ.

* * *

ಐದು ಗಂಟೆಗೆ ಪೊದ್‌ಸ್ತೆನಾದ ಹಜಾರ ತುಂಬಿತ್ತು. ಸುದ್ದಿ ಬ್ರೆದಾಳ ಕಾರಿಗಿಂತ ಮೊದಲೇ ಇಪ್ಪತ್ತೇಳು ತಿರುವು ಹತ್ತಿ ಬಂದಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮರ್ಯೆತಾ ಹಲಗೆಯನ್ನು ಎದೆಗವಚಿಕೊಂಡು ಎದ್ದಳು. ಜೀವನದಲ್ಲಿ ಮೊದಲ ಸಲ ಅವಳಿಗೆ ಮಾತು ಸಿಗಲಿಲ್ಲ.

"ಸಂಘದ ಪರವಾಗಿ... ಎಲ್ಲರ ಪರವಾಗಿ... ಕ್ಷಮಿಸಬೇಕು ಅಂತ..."

"ಬೇಡ," ಎಂದ ಫೆರ್ದೊ.

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ.

"ಎಲ್ಲರ ಪರವಾಗಿ ಬೇಡ. ಯಾರ‍್ಯಾರು ನನ್ನ ಕಳ್ಳ ಅಂದ್ರೋ, ಬಾಯಲ್ಲಿ ಅಂದವ್ರು, ಮನಸ್ಸಲ್ಲಿ ಅಂದವ್ರು, ಒಬ್ಬೊಬ್ರೇ ಬಂದು ನನ್ನ ಕೈ ಕುಲುಕಬೇಕು. ಅಂದಿಲ್ಲದವ್ರು ಕೂತಿರ‍್ಲಿ."

ಒಂದು ಕುರ್ಚಿ ಕಿರುಗುಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಕುರ್ಚಿಗಳೂ. ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಮರ್ಯೆತಾ ಮೊದಲು ಬಂದಳು, ಕೈ ಕುಲುಕಿ ಗೊಳೋ ಎಂದು ಅತ್ತಳು. ಫೆರ್ದೊ ಒಬ್ಬೊಬ್ಬರ ಕೈಯನ್ನೂ ಹಿಡಿದು, ಹೆಸರು ಹಿಡಿದು ಕರೆದು, ಬೆನ್ನು ತಟ್ಟಿ ಕಳಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಗಾಶ್ಪರ್ ಕೂಡ ಬಂದ, ಕಿವಿ ಕೆಂಪು ಮಾಡಿಕೊಂಡು.

ಎಲ್ಲರಿಗಿಂತ ಕೊನೆಗೆ ನಿಂತಿದ್ದವಳನ್ನು ನೋಡಿ ಫೆರ್ದೊನ ಕಣ್ಣು ದೊಡ್ಡದಾಯಿತು.

"ನೀನೂನಾ ಮಗಾ?"

"ಅರ್ಧ ಗಂಟೆ," ಎಂದಳು ಬ್ರೆದಾ. "ಇವತ್ತು ಬೆಳಿಗ್ಗೆ. ಎಂಟರಿಂದ ಎಂಟೂವರೆ."

ಫೆರ್ದೊ ಯೋಚಿಸಿದ. ಅರ್ಧ ಗಂಟೆಗೆ ಎಷ್ಟು ಕೈ ಎಂದು ಲೆಕ್ಕ ಹಾಕಿ ಎರಡೇ ಎರಡು ಬೆರಳು ಮುಂದೆ ಚಾಚಿದ. ಅವಳು ಆ ಎರಡು ಬೆರಳನ್ನೇ ಹಿಡಿದು ಕುಲುಕಿದಳು. ಅವನ ಮೀಸೆ ಅಲುಗತೊಡಗಿತು, ಹೊಟ್ಟೆ ಅಲುಗತೊಡಗಿತು, ಕೊನೆಗೆ ತಡೆಯಲಾರದೆ ಹೋ ಎಂದು ನಕ್ಕು ಅವಳನ್ನು ಎರಡೂ ಕೈಯಿಂದ ಬರಸೆಳೆದು ಅಪ್ಪಿಕೊಂಡ.